ಮೂರನೇ ತರಗತಿಯ ಹವಾಮಾನ ಪಟ

ಸೀಮೆಸುಣ್ಣ ಮುರಿಯಿತು, ಮುರಿದ ತುಂಡು ಉರುಳಿ ಬೆಂಚಿನಡಿ ಹೋಯಿತು, ಹೋಗಲಿ, ಉಳಿದರ್ಧದಲ್ಲೇ ಟೀಚರಮ್ಮ ಬರೆದಳು, ಹವಾಮಾನ, ಅದರ ಕೆಳಗೆ ವಾಯುಗುಣ — ಇವತ್ತು ಮೋಡ, ನಾಳೆ ಬಿಸಿಲು, ಅದು ಹವಾಮಾನ, ವರ್ಷಾನುಗಟ್ಟಲೆ ಹಾಗೇ ಇರೋದು ವಾಯುಗುಣ, ಹದಿನೆಂಟು ವರ್ಷದಿಂದ ಹೇಳಿದ್ದೇ ಹೇಳಿ ನಾಲಿಗೆ ತನ್ನ ಪಾಡಿಗೆ ತಾನು ಪಾಠ ಮಾಡುತ್ತದೆ, ಕಣ್ಣು ಮಾತ್ರ ಮೂರನೇ ಬೆಂಚಿಗೆ ಹೋಗದು, ಈ ವರ್ಷ ಶಾಲೆ ತೆರೆದ ದಿನದಿಂದಲೂ ಹೋಗಿಲ್ಲ, ಅಲ್ಲಿರುವುದು ಅವನ ಮಗಳು, ಹಿಂದೊಮ್ಮೆ ತನ್ನ ಗಂಡನಾಗಿದ್ದವನ ಎರಡನೇ ಸಂಸಾರದ ಕೂಸು, ಅದೇ ಹಣೆ, ಅದೇ ಗಲ್ಲದ ಗುಳಿ, ಊರಲ್ಲಿ ಬೇರೆ ಶಾಲೆಯೇ ಇರಲಿಲ್ಲವೇ — ಮಿಸ್, ಒಂದು ಡೌಟು, ಅಯ್ಯೋ, ಎದ್ದಿರುವುದು ಅವಳೇ, ನಮ್ಮಪ್ಪಂಗೆ ದಿನಾ ಸಿಟ್ಟು ಬರುತ್ತೆ, ಅದು ಹವಾಮಾನಾನಾ ವಾಯುಗುಣಾನಾ, ತರಗತಿ ಘೊಳ್ಳೆಂದು ನಕ್ಕಿತು, ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ನಾಲಿಗೆಯ ತುದಿಗೆ ಬಂತು, ನುಂಗಿದಳು, ಆರು ವರ್ಷ ತಾನೂ ಅದನ್ನು ಬರೀ ಮೋಡ ಅಂದುಕೊಂಡವಳೇ, ಗಂಡಸರ ಸಿಟ್ಟು ಕಣೇ, ಬರುತ್ತೆ ಹೋಗುತ್ತೆ, ತೋಳಿಗೆ ಎಣ್ಣೆ ಸವರುತ್ತಾ ಅಮ್ಮ ಅಂದಿದ್ದು, ಕೋರ್ಟಿನಲ್ಲಿ ಅವನು ಕೈಕಟ್ಟಿ ನಿಂತದ್ದು, ಹಸುವಿನಂಥ ಮನುಷ್ಯ ಸ್ವಾಮಿ, ಇವಳದೇ ಬಾಯಿ ಜೋರು, ಅಂತ ಪಕ್ಕದ ಮನೆಯವರು ಹೇಳಿದ್ದು, ಸಾಕ್ಷಿ ಎಲ್ಲಿದೆಯಮ್ಮ, ವಕೀಲರು ಕೇಳುವಷ್ಟರಲ್ಲಿ ಬಾಸುಂಡೆ ಮಾಸಿತ್ತು — ಬಾ, ಇವತ್ತಿನ ಚಿತ್ರ ನೀನೇ ಅಂಟಿಸು, ಉತ್ತರ ತಪ್ಪಿಸಲು ಕರೆದಳು ಅಷ್ಟೇ, ಹುಡುಗಿ ಮೋಡದ ಚೀಟಿ ಹಿಡಿದು, ತುದಿಗಾಲಲ್ಲಿ ನಿಂತು ಪಟದತ್ತ ಕೈಯೆತ್ತಿದಳು, ತೋಳಿನ ಬಟ್ಟೆ ಜಾರಿತು, ನಾಲ್ಕು ಬೆರಳು, ಸಾಲಾಗಿ, ನೀಲಿ. ಒಳಗೆಲ್ಲೋ ಖುಷಿಯಂಥದ್ದು ತಲೆಯೆತ್ತಿತು, ನೋಡಿ, ಈಗಾದರೂ ನೋಡಿ, ನಾನು ಹೇಳಿದ್ದು ಸುಳ್ಳೇ — ಥೂ, ನನ್ನ ಸಾಕ್ಷಿಗೆ ಎಂಟು ವರ್ಷದ ಕೂಸಿನ ತೋಳೇ ಬೇಕಿತ್ತೇ — ಏನಾಯ್ತು ಪುಟ್ಟಿ, ಬಿದ್ದೆ ಅಂತ ಹೇಳಬೇಕಂತೆ ಮಿಸ್. ಕೈಹಿಡಿದು ನೇರ ಹೆಡ್‌ಮಿಸ್ ಕೋಣೆಗೆ ಕರೆದೊಯ್ದಳು, ಅವರು ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು, ಬೇರೆ ಯಾರಾದ್ರೂ ಹೇಳಿದ್ರೆ ಸರಿ, ನೀವು ಹೇಳಿದ್ರೆ ಸವತಿ ಮಗಳನ್ನ ಮುಂದಿಟ್ಕೊಂಡು ಹಗೆ ತೀರಿಸ್ಕೊಂಡ್ರು ಅಂತಾರೆ, ಅನ್ನಲಿ, ಬರೆದುಕೊಡ್ತೀನಿ ಮೇಡಂ, ಒಂದು ಹಾಳೆ ಕೊಡಿ, ದಿನಾಂಕ, ತರಗತಿ, ಎಡತೋಳು, ಅಪ್ಪನದೇ ಕೈ ಅಂತ ನಿಮಗೆ ಹೇಗೆ ಗೊತ್ತು, ಪೆನ್ನು ನಿಂತಿತು, ಹೇಗೆ ಗೊತ್ತು, ನಾಲ್ಕು ಬೆರಳು ಎಲ್ಲರಿಗೂ ಕಾಣುತ್ತದೆ, ನಾಲ್ಕು ಬೆರಳು, ನೀಲಿ, ಹೆಬ್ಬೆರಳು ಒತ್ತುವ ಜಾಗ ಮಾತ್ರ ತನಗೊಬ್ಬಳಿಗೇ ಗೊತ್ತು, ಕಂಕುಳ ಹತ್ತಿರ, ಒಳಗಡೆ, ಟೀಚರಮ್ಮ ಮಗುವಿನ ತೋಳನ್ನು ಮೆಲ್ಲಗೆ ಹೊರಳಿಸಿದಳು, ಹೆಬ್ಬೆರಳು ಅಲ್ಲೇ ಇತ್ತು.