ಗುಂಡಿಯ ಬಾಣಂತನ

ಗಿರಾಕಿ ಎಷ್ಟೇ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡರೂ ಟೇಪು ನಿಜವನ್ನೇ ಹೇಳುತ್ತದೆ ಎಂದು ಟೈಲರ್ ನಂಬಿದ್ದ. ಆದ್ದರಿಂದ ಅವನ ನಾಯಿ ಗುಂಡಿಯ ಸೊಂಟದ ಸುತ್ತಳತೆ ವಾರದಿಂದ ವಾರಕ್ಕೆ ಏರಿ, ಮೊಲೆಗಳು ಊದಿ ಹಾಲು ಜಿನುಗಿದಾಗ, ಅವಳು ಬಸಿರೋ ಅಲ್ಲವೋ ಎಂಬ ಪ್ರಶ್ನೆಯೇ ಅವನಿಗೆ ಏಳಲಿಲ್ಲ. ಎದ್ದ ಪ್ರಶ್ನೆ ಬೇರೆ: ಬಾಗಿಲು ತೆಗೆದವರು ಯಾರು?

ಗುಂಡಿ ಬೆದೆಗೆ ಬಂದಿದ್ದಷ್ಟೂ ದಿನ ಅವಳನ್ನು ಅಂಗಡಿಯೊಳಗೇ ಕೂಡಿಹಾಕಿದ್ದ. ಒಂದು ಮಧ್ಯಾಹ್ನ ಮಾತ್ರ ಲೈನಿಂಗ್ ಬಟ್ಟೆ ತರಲು ಹೋಗುವಾಗ ಬೀಗದ ಕೈಯನ್ನು ಪಕ್ಕದ ಬೇಕರಿಯ ಭಾವನಿಗೆ, ಅಂದರೆ ಸ್ವಂತ ಅಕ್ಕನ ಗಂಡನಿಗೆ, ಕೊಟ್ಟಿದ್ದ. ಭಾವನ ಗಂಡುನಾಯಿ ರಸ್ಕ್ ಆ ದಿನಗಳಲ್ಲಿ ಟೈಲರನ ಮೆಟ್ಟಿಲ ಮೇಲೆ ಅರ್ಜಿ ಹಿಡಿದು ಬಂದವನಂತೆ ಕೂತಿರುತ್ತಿತ್ತು.

"ಬಾಗಿಲು ಮುಟ್ಟೇ ಇಲ್ಲ ಕಣೋ" ಎಂದ ಭಾವ.

"ಹಾಗಾದ್ರೆ ನಿಮ್ಮ ರಸ್ಕ್ ಅಂಚೆಯಲ್ಲಿ ಕಳಿಸ್ತಾ?" ಎಂದ ಟೈಲರ್, ಅಳತೆ ಕೊಡಲು ಬಂದಿದ್ದ ಗಿರಾಕಿಗಳ ಎದುರಿಗೇ. "ಸುಳ್ಳುಗಾರರನ್ನ ನಂಬಿದ್ದು ನನ್ನ ತಪ್ಪು."

ಭಾವ ಮೆಟ್ಟಿಲಿಳಿದು ಹೊರಟುಹೋದ. ಅಂದಿನಿಂದ ಎರಡು ಅಂಗಡಿಗಳ ನಡುವೆ ಮಾತುಕತೆ ನಿಂತುಹೋಯಿತು.

ಟೈಲರ್ ಬಾಣಂತನಕ್ಕೆ ಸೊಂಟ ಕಟ್ಟಿ ನಿಂತ. ಹಾಲು, ಮೊಟ್ಟೆ, ಮತ್ತೆ ಹಾಲು. ಊದಿದ ಮೊಲೆಗೆ ಬಿಸಿನೀರಿನ ಕಾವು ಕೊಟ್ಟು, ನೋವು ಇಳಿಯಲೆಂದು ದಿನಾ ಹಾಲು ಹಿಂಡಿ ತೆಗೆದ. ಗುಂಡಿ ಕತ್ತರಿಸುವ ಮೇಜಿನ ಕೆಳಗೆ ಚೂರುಬಟ್ಟೆ ಗುಡ್ಡೆ ಹಾಕಿದಳು. ಆಮೇಲೆ ಕೋಟುಗಳ ಹೆಗಲಿಗೆ ಇಡುವ ಹತ್ತಿಯ ಪ್ಯಾಡುಗಳನ್ನು ಒಂದೊಂದಾಗಿ ಕಚ್ಚಿ ತಂದು ಮಗ್ಗುಲಲ್ಲಿ ಮಲಗಿಸಿ ನೆಕ್ಕತೊಡಗಿದಳು. ಟೈಲರ್ ಕೈ ಚಾಚಿದರೆ ಗುರ್ ಎಂದಳು. ದಿನ ತುಂಬಿತು, ದಾಟಿತು. ಮರಿಯ ಸುಳಿವಿಲ್ಲ. ಅವನು ಹೆದರಿ ಅವಳನ್ನು ನಾಯಿ ಡಾಕ್ಟರಮ್ಮನ ಹತ್ತಿರ ಎತ್ತಿಕೊಂಡು ಹೋದ.

ಸ್ಕ್ಯಾನ್ ಮಾಡಿ ನೋಡಿದ ಡಾಕ್ಟರಮ್ಮ ಹೇಳಿದರು, "ಮರಿ ಇಲ್ಲ."

"ಎಲ್ಲಿ ಹೋದ್ವು?"

"ಇರ್ಲೇ ಇಲ್ಲ."

"ಮತ್ತೆ ಹಾಲು?"

"ಹಾಲು ನಿಜ. ಮರಿ ಆಗದ ಹಾಗೆ ಆಪರೇಷನ್ ಮಾಡಿಸದ ಹೆಣ್ಣುನಾಯಿಗೆ ಬೆದೆ ಮುಗಿದ ಮೇಲೆ ಒಮ್ಮೊಮ್ಮೆ ಹೀಗಾಗುತ್ತೆ. ಮೈ ತಾನಾಗೇ ಬಸಿರು ಅಂದ್ಕೊಳ್ಳುತ್ತೆ. ಗಂಡುನಾಯಿ ಹತ್ರ ಬಂದಿರಲೇಬೇಕು ಅಂತಿಲ್ಲ."

"ಹೊಟ್ಟೆ? ಟೇಪು ಹಿಡಿದು ನೋಡಿದೀನಿ."

"ಏನು ತಿನ್ನಿಸ್ತಿದ್ರಿ?"

ಅವನು ಹಾಲು-ಮೊಟ್ಟೆಯಿಂದ ಹಿಡಿದು ಮೊಲೆಹಾಲು ಹಿಂಡಿದ್ದು, ಗುಂಡಿ ಪ್ಯಾಡು ನೆಕ್ಕಿದ್ದು ಎಲ್ಲ ಹೇಳಿದ. ಡಾಕ್ಟರಮ್ಮ ನಗು ನುಂಗಿಕೊಂಡರು. "ಹೊಟ್ಟೆ ಬಹುಪಾಲು ಆ ಹಾಲು-ಮೊಟ್ಟೆಯದೇ. ಇನ್ನು ಹಾಲು ಹಿಂಡಬೇಡಿ, ಹಿಂಡಿದಷ್ಟೂ ಬರುತ್ತೆ. ಚೆನ್ನಾಗಿ ಓಡಾಡಿಸಿ. ಅವಳು ಆಚೆ ಹೋದಾಗ ಆ ಪ್ಯಾಡೆಲ್ಲ ತೆಗೆದಿಡಿ. ಹಾಲು ಪೂರ್ತಿ ನಿಂತ ಮೇಲೆ ಆಪರೇಷನ್ ಮಾಡಿಸೋಣ."

ದಾರಿಯುದ್ದಕ್ಕೂ ಟೈಲರನ ತಲೆ ಕಲಸುಮೇಲೋಗರವಾಯಿತು. ಟೇಪು ಸುಳ್ಳು ಹೇಳಿಲ್ಲ. ಗುಂಡಿ ಮೋಸ ಮಾಡಿಲ್ಲ. ಭಾವ ಬಾಗಿಲು ತೆಗೆದಿಲ್ಲ. ಎಲ್ಲರೂ ಸಾಚಾ ಆದರೆ ಸುಳ್ಳು ಹುಟ್ಟಿದ್ದೆಲ್ಲಿ?

ಬೇಕರಿಯ ಗಲ್ಲಾದಲ್ಲಿ ಅಕ್ಕ ಕೂತಿದ್ದಳು. "ಏನಪ್ಪಾ, ಮರಿಗಳಿಗೆ ರಸ್ಕಿನ ಮೂತಿ ಬಂದಿದೆಯಾ?"

"ಮರಿ ಇಲ್ಲ ಅಕ್ಕ. ಬಸಿರೇ ಅಲ್ವಂತೆ."

"ಬಸಿರು ಅಂತ ಬೀದಿಗೆಲ್ಲ ಸಾರಿದ್ದು ನೀನು. ಪಾಪ, ಅವಳೇನಾದ್ರೂ ಬಾಯಿಬಿಟ್ಟು ಹೇಳಿದ್ಲಾ?"

ಒಳಗೆ ಭಾವ ಹಿಟ್ಟು ನಾದುತ್ತಿದ್ದ. ತಿರುಗಲಿಲ್ಲ.

"ಭಾವ, ನೀವು ಬಾಗಿಲು ತೆಗೆದಿರಲಿಲ್ಲ."

"ಅವತ್ತೇ ಹೇಳಿದ್ನಲ್ಲ."

"ತಪ್ಪಾಯ್ತು."

"ಬೈದಿದ್ದು ನಾಲ್ಕು ಜನರ ಮುಂದೆ. ಇದು ಮಾತ್ರ ಹಿಟ್ಟಿನ ಮುಂದೆ."

"ಅವರಿಗೂ ಹೇಳ್ತೀನಿ. ಹೇಗೆ ಹೇಳೋದು ಅನ್ನೋದೇ ಗೊತ್ತಾಗ್ತಿಲ್ಲ."

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೇಳಿ, ಭಾವ ಕೈ ಒರೆಸಿಕೊಂಡು ಗುಂಡಿಯನ್ನು ಬೀದಿ ಸುತ್ತಿಸಲು ಕರೆದೊಯ್ದ. ಆ ಹೊತ್ತಿನಲ್ಲಿ ಟೈಲರ್ ಪ್ಯಾಡುಗಳನ್ನು ಬೀರುವಿಗೆ ಸೇರಿಸಿದ, ಕಳ್ಳನ ಹಾಗೆ. ಗುಂಡಿ ಬಂದವಳೇ ಮೇಜಿನ ಕೆಳಗೆ ಮೂಸಿ ಅವನ ಮುಖ ನೋಡಿದಳು. ಅವನು ಮುಖ ತಿರುಗಿಸಿದ.

ಮರುದಿನ, ಭಾವನಿಗೆ ಬೈದಾಗ ಅಲ್ಲಿದ್ದ ಗಿರಾಕಿಯೊಬ್ಬ ಕೋಟು ತೊಟ್ಟುನೋಡಲು ಬಂದ. ಟೈಲರ್ ಭಾವನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಶುರುಮಾಡಿದ: "ನೋಡಿ ಸಾರ್, ನಮ್ಮ ಭಾವ ಬಾಗಿಲು ತೆಗೆದಿರಲಿಲ್ಲ. ಗುಂಡಿ ಬಸಿರಾಗಿದ್ಲು, ಆದ್ರೆ ಬಸಿರಲ್ಲ. ಹಾಲು ಮಾತ್ರ ನಿಜ. ರಸ್ಕಿನ ತಪ್ಪೇನೂ ಇಲ್ಲ."

ಗಿರಾಕಿ ಕೋಟಿನ ತೋಳಿಗೆ ಕೈ ತೂರಿಸುತ್ತ ತಲೆದೂಗಿದ. "ಅರ್ಥ ಆಯ್ತು ಬಿಡಿ. ರಸ್ಕ್ ಅಲ್ಲ, ಬೇರೆ ಯಾರೋ."

ಟೈಲರ್ ಮತ್ತೆ ಬಾಯಿ ತೆರೆದ. ಭಾವ ಅವನ ತೋಳು ಹಿಡಿದೆಳೆದ.

"ಸಾಕು ಬಾರೋ ಮಾರಾಯ. ಇನ್ನೊಂದು ಸಲ ಬಿಡಿಸಿ ಹೇಳಿದ್ರೆ ನಾನೇ ಅಂದ್ಬಿಡ್ತಾರೆ."