ಆಲಿಕಲ್ಲಿನ ಕಾವಲು

ಆ ವರ್ಷ ಊರಿನ ಆಲೂಗಡ್ಡೆ ಹೊಲಗಳ ಕಾವಲು ನಿಕಾನೋರ್ ಅಲನೋಕಾನ ಪಾಲಿಗೆ ಬಂದಿತ್ತು. ಮಳೆಗಾಲ ಮುಗಿಯುವ ತನಕ ಗುಡ್ಡದ ನೆತ್ತಿಯ ಹುಲ್ಲು ಗುಡಿಸಲಲ್ಲೇ ಇರಬೇಕು. ಸರೋವರದ ಕಡೆಯಿಂದ ಕಪ್ಪು ಮೋಡ ಎದ್ದರೆ ಬೆಂಕಿ ಹಾಕಿ, ಕೊಂಬೂದಿ, ಆಲಿಕಲ್ಲನ್ನು ಬೈದು ಆಚೆ ಅಟ್ಟಬೇಕು. ಸರದಿ ಬಂದವನು ಕಾವಲು ಮುಗಿಸಿದರೆ ಊರಿನ ನೆಲದಲ್ಲಿ ಅವನ ಪಾಲು ಗಟ್ಟಿ. ಕೈಬಿಟ್ಟವನಿಗೆ ನೆಲವಿಲ್ಲ.

ನಿಕಾನೋರ್ ಪ್ರತಿ ವರ್ಷ ಬಿತ್ತನೆ ಮುಗಿಸಿ ಲಾ ಪಾಸ್ ಪಟ್ಟಣಕ್ಕೆ ಹೋಗಿ ಅಲ್ಲಿನ ಫುಟ್ಬಾಲ್ ಕ್ಲಬ್ಬಿಗೆ ಗೋಲು ಕಾಯುತ್ತಿದ್ದವನು. ಕ್ಲಬ್ಬು ದೇಶಕ್ಕೇ ಮೊದಲಾಯಿತು. ಏಳು ದೇಶಗಳ ಚಾಂಪಿಯನ್ನರನ್ನು ಒಂದೇ ಕಡೆ ಆಡಿಸುತ್ತೇವೆಂದು ಚಿಲಿಯವರು ಸಾಂಟಿಯಾಗೋಗೆ ಕರೆದರು. ಅಂಥದ್ದು ಹಿಂದೆ ನಡೆದದ್ದನ್ನು ಯಾರೂ ಕೇಳಿರಲಿಲ್ಲ. ಕರೆ ಬಂದದ್ದು ಮಾತ್ರ ಆಲಿಕಲ್ಲಿನ ತಿಂಗಳಿಗೇ.

ಹೋಗಿಬರುತ್ತೇನೆಂದು ನಿಕಾನೋರ್ ಊರ ಸಭೆಯಲ್ಲಿ ಕೇಳಿದಾಗ ಹಿರಿಯ ತೊರೀಬಿಯೋ ಬಾಯಲ್ಲಿದ್ದ ಕೋಕಾ ಎಲೆಯನ್ನು ದವಡೆಯ ಆಚೆಗೆ ಸರಿಸಿಕೊಂಡ.

"ಚೆಂಡಿಗೂ ಆಲಿಕಲ್ಲಿಗೂ ಒಬ್ನೇ ಅಡ್ಡ ನಿಲ್ಲಕಾಯ್ತದೇನಪ್ಪ?"

"ನಮ್ ಮಾವ ನೋಡ್ಕತಾನೆ ದೊಡ್ಡಪ್ಪ. ಅವ್ನೂ ಒಂದು ಕಾಲ್ದಲ್ಲಿ ಕಾವಲಿದ್ದೋನೇ."

"ಇದ್ದ. ಆಗ ಅವ್ನ ಬಾಯಲ್ಲಿ ಹಲ್ಲಿದ್ವು. ಈಗ ಕೊಂಬೂದಿದ್ರೆ ಗಾಳಿ ಎಲ್ಲ ಪಕ್ಕದಾಗೇ ಹೋಯ್ತದೆ." ಕೂತವರು ನಕ್ಕರು. ತೊರೀಬಿಯೋ ನಗಲಿಲ್ಲ. "ಹೋಗು, ಬ್ಯಾಡ ಅನ್ನಕಿಲ್ಲ. ಹೊಲ ಹೋದ್ರೆ ನಿನ್ ಪಾಲೂ ಹೋದಂಗೆ. ಆಮ್ಯಾಲೆ ಬಂದು ಅಳಬ್ಯಾಡ."

ನಿಕಾನೋರ್ ನೆಲಕ್ಕೆ ಎರಡು ತೊಟ್ಟು ಮದ್ಯ ಚೆಲ್ಲಿ, ಭೂತಾಯಿಗೆ ಕೈಮುಗಿದು, ರೈಲು ಹತ್ತಿದ.

ಸಾಂಟಿಯಾಗೋದಲ್ಲಿ ಮೊದಲ ಆಟದಲ್ಲೇ ಅವನ ಕಣ್ಣು ಅವನಿಗೆ ಕೈಕೊಟ್ಟಿತು. ಅವನ ಬೆಟ್ಟದ ಮೇಲಿನ ನಾಡಿನ ತೆಳು ಗಾಳಿಯಲ್ಲಿ ಚೆಂಡು ಕವಣೆಕಲ್ಲಿನಂತೆ ಬರುತ್ತದೆ. ಅವನ ಕಾಲಿಗೂ ತೋಳಿಗೂ ಗೊತ್ತಿದ್ದದ್ದು ಆ ವೇಗ. ಇಲ್ಲಿಯ ಗಾಳಿ ಗಂಜಿಯಂತೆ ಮಂದ. ಅವನು ನೆಗೆದು ಕೆಳಗಿಳಿಯುವ ಹೊತ್ತಿಗೆ ಚೆಂಡು ಬರುತ್ತಿತ್ತು. ತಲೆಯ ಮೇಲೆ ಹಾದುಹೋಗುತ್ತದೆಂದು ಬಿಟ್ಟ ಚೆಂಡುಗಳು ಅಡ್ಡಕಂಬದ ಕೆಳಗೇ ಕುಸಿದು ಬಲೆಗೆ ಬಿದ್ದವು.

"ಏನಯ್ಯ, ಹಕ್ಕಿ ಹಿಡಿಯೋಕೆ ಹಾರ್ತಿದೀಯಾ?" ಎಂದ ನಾಯಕ ವಿಯೇಗಾಸ್. "ಚೆಂಡು ಇನ್ನೂ ದಾರೀಲೇ ಇರುತ್ತಲ್ಲೋ."

"ಇಲ್ಲಿ ಚೆಂಡು ಸುಸ್ತಾಗಿ ಬರ್ತದಣ್ಣ."

"ಸುಸ್ತಾದ ಚೆಂಡನ್ನೂ ಹಿಡಿಯಕ್ಕಾಗ್ದೆ ಇದ್ರೆ ನೀನ್ಯಾಕೆ ಬೇಕು?"

ಮುಂದಿನ ಆಟಕ್ಕೆ ಅವನ ಕೈಗವಸು ಬೇರೊಬ್ಬನ ಕೈಗೆ ಹೋಯಿತು. ಊರಿಗಾದರೂ ಕಳಿಸಿ ಎಂದು ನಿಕಾನೋರ್ ಮ್ಯಾನೇಜರನ ಬಾಗಿಲಲ್ಲಿ ನಿಂತ. ಎಲ್ಲರ ಟಿಕೆಟ್ಟೂ ಒಟ್ಟಿಗೇ ಇದೆ, ಕೊನೆಯ ಆಟದವರೆಗೆ ಇರಲೇಬೇಕು ಎಂದ ಅವನು. ಹಾಗೆ ನಿಕಾನೋರ್ ಮೈದಾನದ ಅಂಚಿನ ಬೆಂಚಿನ ಮೇಲೆ ವಾರಗಟ್ಟಲೆ ಕೂತ. ಅಕ್ಕಪಕ್ಕದವರು ಆಟ ನೋಡಿದರೆ ಅವನು ಆಕಾಶ ನೋಡುತ್ತಿದ್ದ. ತೊಳೆದ ತಟ್ಟೆಯಂತೆ ಬರಿದಾದ ಆಕಾಶ. ಊರಿನ ಆಕಾಶ ಹೀಗಿರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ರೈಲಿಳಿದು ನಡೆದು ಬರುವಾಗ ಪಕ್ಕದೂರಿನ ಹೊಲಗಳು ಹಸಿರಾಗಿದ್ದವು. ಗಡಿಗಲ್ಲು ದಾಟಿದ. ಇತ್ತ ಆಲಿಕಲ್ಲಿಗೆ ಸಿಕ್ಕ ಗಿಡಗಳೆಲ್ಲ ಕಪ್ಪಗೆ ಕೊಳೆತು ಮಣ್ಣಿಗೆ ಅಂಟಿಕೊಂಡಿದ್ದವು. ಅದೇ ವಾಸನೆ ಊರ ತುಂಬ.

ಮಾವ ಇಸಿದೋರೋ ಗೋಡೆಗೆ ಒರಗಿ ಕೂತಿದ್ದವನು ತಲೆಯೆತ್ತಲಿಲ್ಲ.

"ಊದ್ದೆ ಕಣಪ್ಪ. ಬೈದೆ. ಬೆಂಕಿ ಹತ್ಲೇ ಇಲ್ಲ, ಹುಲ್ಲು ನೆಂದೋಗಿತ್ತು."

"ಇರ್ಲಿ ಮಾವ."

"ಏನಿರ್ಲಿ?" ಎಂದ ಮುದುಕ.

ತೊರೀಬಿಯೋ ಬೈಯಲಿಲ್ಲ, ಬೈದಿದ್ದರೆ ನಿಕಾನೋರನ ಎದೆ ಹಗುರಾಗುತ್ತಿತ್ತು. "ಈಗ ನೆಲ ನಿಂದಲ್ಲ," ಎಂದ. "ಒಳಗಿರೋ ಗೆಡ್ಡೆ ನೀನು ಬಿತ್ತಿದ್ದು. ಕೊಳೆಯೋಕೆ ಮುಂಚೆ ಅಗ್ದುಕೊಂಡು ಹೋಗು."

ಬೆಳಿಗ್ಗೆ ನಿಕಾನೋರನೂ ಹೆಂಡತಿ ಸತುರ್ನೀನಾಳೂ ಗುದ್ದಲಿ ಹಿಡಿದು ಹೊಲಕ್ಕಿಳಿದರು. ಗೋಲಿಯಷ್ಟು ಗೆಡ್ಡೆಗಳು. ಕೆಲವು ಬೆರಳು ತಾಗಿದರೆ ನೀರಾಗುತ್ತಿದ್ದವು.

"ಪಟ್ಣದಲ್ಲೇ ಇರಾನ," ಎಂದಳು ಅವಳು, ಅಗೆಯುತ್ತಲೇ. "ನಿನ್ ಕ್ಲಬ್ನೋರು ಕೆಲ್ಸ ಕೊಡ್ತೀವಿ ಅಂದಿದ್ರಲ್ಲ."

"ಗೋಲು ಕಾಯಕ್ಕೆ ಬೇರೆಯೋನು ಬಂದ."

ಅವಳು ಗುದ್ದಲಿ ನಿಲ್ಲಿಸಿದಳು. ಅವನು ಕೊಳೆತದ್ದನ್ನು ಆಚೆ ಎಸೆದು ಮತ್ತೆ ಅಗೆದ.

"ಹಂಗಾರೆ ಸಣ್ಣ ಗೆಡ್ಡೆನೂ ಬಿಡಬ್ಯಾಡ," ಎಂದು ಮುಂದಿನ ಸಾಲಿಗೆ ಸರಿದಳು.