ನಾಲ್ಕನೆಯ ಚಕ್ರ

ಜಪಾನಿನ ಉತ್ತರದ ನಮ್ಮ ಹೊಕ್ಕೈಡೊದಲ್ಲಿ, ಹಿಮದಲ್ಲಿ ಜಾರದ ಚಳಿಗಾಲದ ಟೈರು ಕಾರಿಗೆ ಯಾವಾಗ ಹಾಕಬೇಕೆಂದು ಹೇಳುವುದು ಕ್ಯಾಲೆಂಡರಲ್ಲ, ಹಿಮದ ಹುಳು. ಮೈಗೆ ಹತ್ತಿಯ ಚೂರು ಅಂಟಿಸಿಕೊಂಡಂತಿರುವ ಈ ಪುಟ್ಟ ಹುಳು ಅಕ್ಟೋಬರಿನ ಸಂಜೆ ಹಾರಾಡಿತೆಂದರೆ ಹಿಮ ದೂರವಿಲ್ಲ. ಟಿವಿಯವರು ಏನಾದರೂ ಹೇಳಿಕೊಳ್ಳಲಿ, ನಮಗೆ ಹುಳುವಿನ ಮಾತೇ ಮಾತು.

ಇಕುತೋರಾ ಹಳ್ಳಿಯಲ್ಲಿ ನನ್ನ ಅಕ್ಕ ಮಿತ್ಸುಯೊಳ ಮನೆಯಲ್ಲಿ ಇದಕ್ಕೊಂದು ಪದ್ಧತಿಯೇ ಇತ್ತು. ಒಣಹಾಕಿದ ಬಟ್ಟೆಯ ಮೇಲೆ ಮೊದಲ ಹುಳು ಕಂಡ ದಿನ ಅಕ್ಕ ಬಾಗಿಲಲ್ಲಿ ನಿಂತು "ರೀ, ಬಂತು" ಎನ್ನುವಳು. ಭಾವ ತೊಕುಜಿ ಮರುಮಾತಿಲ್ಲದೆ ಎದ್ದು ಶೆಡ್ಡಿನಿಂದ ಟೈರುಗಳನ್ನು ಉರುಳಿಸಿಕೊಂಡು ಬರುವರು. ಅಕ್ಕ ಬಕೆಟ್ಟು ಬೋರಲು ಹಾಕಿಕೊಂಡು ಕೂತು, ಬಿಚ್ಚಿದ ನಟ್ಟುಗಳನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದಾಗಿ ಕೈಗೆ ಕೊಡುವಳು. ಮೊದಲು ಎಡಗಡೆಯ ಮುಂದಿನದು, ಕೊನೆಗೆ ಬಲಗಡೆಯ ಹಿಂದಿನದು. ಅಕ್ಕ ಹೇಳದೆ ಈ ಮನುಷ್ಯ ಒಂದು ನಟ್ಟನ್ನೂ ಮುಟ್ಟಿದವರಲ್ಲ.

ಈ ಸಲ ಅಕ್ಕ ಒಬಿಹಿರೊದ ಆಸ್ಪತ್ರೆಯಲ್ಲಿದ್ದಳು. ನಾನು ಇದೇ ಊರಿನವಳು, ಹಾಗಾಗಿ ಅವಳ ಪಕ್ಕದಲ್ಲಿ ನಾನಿದ್ದೆ. ಭಾವ ದಿನ ಬಿಟ್ಟು ದಿನ ಆಲೂಗಡ್ಡೆಯ ಮೋಚಿ, ಅಂದರೆ ಮೆತ್ತಗಿನ ಅಂಟು ಬಿಲ್ಲೆ, ಸುಟ್ಟುಕೊಂಡು ಕರಿಕಾಚಿ ಘಾಟಿ ದಾಟಿ ಬರುತ್ತಿದ್ದರು. ಅಕ್ಕ ಅದನ್ನು ಮೂಸಿ ನೋಡಿ "ಚೆನ್ನಾಗಿದೆ" ಎನ್ನುವಳು. ತಿನ್ನುವುದು ನಾನು.

ಒಂದು ಸಂಜೆ ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದು, ಮೊದಲ ಹಿಮ ಬೀಳುವವರೆಗೆ ಇದ್ದರೆ ಹೆಚ್ಚು ಎಂದರು. ಭಾವ ತಲೆ ಬಾಗಿಸಿದರು.

ಅಕ್ಟೋಬರು ಮುಗಿಯುತ್ತ ಬಂತು. ಆಸ್ಪತ್ರೆಯ ಅಂಗಳದಲ್ಲಿ ನಿಂತ ಕಾರುಗಳಲ್ಲಿ ಬೇಸಿಗೆಯ ಟೈರಿದ್ದದ್ದು ಭಾವನದೊಂದಕ್ಕೇ. ಬಾಗಿಲ ಬಳಿ ಅವರು ಕೋಟು ಕೊಡವಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡೆ. ಹುಳುಗಳು! ನನಗೆ ಮೈಯೆಲ್ಲ ಉರಿಯಿತು.

"ಏನ್ ಭಾವ, ಹುಳ ಬಂದು ವಾರ ಆಯ್ತು. ಟೈರ್ ಯಾಕೆ ಹಾಕಿಲ್ಲ?"

"ಅವಳು ಇನ್ನೂ ಹೇಳಿಲ್ವಲ್ಲ."

"ನಾಲ್ಕನೇ ಮಹಡೀಲಿ ಕಿಟಕಿ ಮುಚ್ಕೊಂಡು ಮಲಗಿರೋಳು ಹೇಗೆ ಹೇಳ್ತಾಳೆ?"

ಅವರು ಕೋಟಿನ ತೋಳು ಒರೆಸುತ್ತಲೇ ಇದ್ದರು. "ಹಾಕ್ಬಿಟ್ರೆ ಚಳಿಗಾಲ ಬಂದೇಬಿಡತ್ತೆ, ಕಿಯೊಮಿ."

"ಕೋಳಿ ಕೂಗದಿದ್ರೆ ಬೆಳಗಾಗಲ್ವಾ ಭಾವ? ಚಳಿಗಾಲ ನಿಮ್ಮ ಟೈರ್ ಕೇಳ್ಕೊಂಡು ಬರತ್ತಾ?"

ಹೇಳಿದ ಮೇಲೆ ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಗಂಡಸರು ಹೀಗೆ ಹಟ ಹಿಡಿದಾಗ ಬೈಯುವುದು ಸುಲಭ. ಅವರ ಹಟ ಹಿಮದ ಮೇಲೆ, ಸಾವಿನ ಮೇಲೆ ಎಂದು ತಿಳಿದಾಗ ಬೈಗುಳ ಬಾಯಲ್ಲೇ ಉಳಿಯುತ್ತದೆ.

ಒಳಗೆ ಅಕ್ಕ ಕೇಳಿದಳು, "ಹುಳ ಬಂತೇನ್ರೀ?"

"ಇನ್ನೂ ಇಲ್ಲ ಕಣೆ. ಈ ಸಲ ತಡ."

"ಬಗ್ಗಿ ಇಲ್ಲಿ." ಅವಳು ಅವರ ಕಾಲರಿನಿಂದ ಏನನ್ನೋ ಬೆರಳ ತುದಿಯಲ್ಲಿ ತೆಗೆದಳು. "ಇದೇನು ಮತ್ತೆ?"

"ಹತ್ತಿ ಇರ್ಬೇಕು."

"ಹತ್ತಿಗೆ ರೆಕ್ಕೆ ಯಾವಾಗ ಬಂತು?" ಅಕ್ಕ ನಕ್ಕಳು. ಅವಳು ನಗುವುದನ್ನು ನೋಡಿ ಎಷ್ಟೋ ದಿನವಾಗಿತ್ತು. ಆಮೇಲೆ ನಗು ನಿಲ್ಲಿಸಿ, ಅವರ ಕೈ ಹಿಡಿದುಕೊಂಡು, ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದಳು. "ರೀ, ಬಂತು."

ಭಾವ ಕಾಲರು ಸರಿಮಾಡಿಕೊಂಡರು. "ಭಾನುವಾರ ಹಾಕ್ತೀನಿ" ಎಂದರು.

ಹಿಮ ಶನಿವಾರ ಬೆಳಗಿನ ಜಾವವೇ ಬಿತ್ತು. ಅದೇ ಹೊತ್ತಿಗೆ ಅಕ್ಕನ ಉಸಿರಾಟ ಹದಗೆಟ್ಟಿತು. ನರ್ಸು ನನ್ನ ಕಡೆ ನೋಡಿದ ರೀತಿಯಲ್ಲೇ ಅರ್ಥವಾಗಿ ಭಾವನಿಗೆ ಫೋನು ಮಾಡಿದೆ.

"ಘಾಟಿ ಬೆಳ್ಳಗಾಗಿದೆ ಅಂತೆ" ಎಂದರು.

"ಟ್ಯಾಕ್ಸಿ ಕರೀರಿ."

"ಕರ್ದೆ. ಇರೋದೊಂದು, ಅದೂ ಫುರಾನೊಗೆ ಹೋಗಿದೆಯಂತೆ. ಟೈರ್ ಹಾಕ್ಕೊಂಡು ಹೊರಡ್ತೀನಿ. ಇರು ಅಂತ ಹೇಳು ಅವಳಿಗೆ."

ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆಂದಿದ್ದೆ. ಹಾಸಿಗೆಯಿಂದ ಅಕ್ಕ ಕೈಸನ್ನೆ ಮಾಡಿದಳು. ಫೋನಿಟ್ಟೆ.

"ಬೈಬೇಡ್ವೇ ಅವರನ್ನ" ಎಂದಳು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳುತ್ತಿದ್ದಳು. "ಜಾಕ್ ಹುಡುಕ್ತಿರ್ತಾರೆ. ಪ್ರತಿ ವರ್ಷ ಎಲ್ಲಿಟ್ಟೆ ಅಂತ ಮರೀತಾರೆ."

ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಡಾಕ್ಟರು ಹೇಳಿದ ಮೊದಲ ಹಿಮದವರೆಗೆ ಅವಳು ಇದ್ದೇಬಿಟ್ಟಳು. ಆದರೆ ಅವಳ ಕಣ್ಣು ಅಲ್ಲಿರಲಿಲ್ಲ, ಇಕುತೋರಾದ ಅಂಗಳದಲ್ಲಿತ್ತು.

"ಈಗ ಎಡಗಡೆ ಮುಂದಿಂದು ಆಯ್ತು" ಎಂದಳು. ಅವಳ ಬೆರಳುಗಳು ಹೊದಿಕೆಯ ಮೇಲೆ ಏನನ್ನೋ ಹೆಕ್ಕಿ ಎತ್ತಿಕೊಡುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ, "ಹಿಂದಿಂದು... ನಟ್ಟು ಕೊಡೋರಿಲ್ಲ, ಹಿಮದಲ್ಲಿ ಹುಡುಕಿಕೊಳ್ತಿರ್ತಾರೆ. ಪಾಪ, ಕೈ ಸೆಟೆದಿರತ್ತೆ."

ನಾನು ಅವಳ ಇನ್ನೊಂದು ಕೈಯನ್ನು ಕೆನ್ನೆಗೊತ್ತಿಕೊಂಡು ಅಳುತ್ತಿದ್ದೆ. ಮೂರನೆಯದೂ ಆಯಿತೆಂದಳು.

"ದಾರಿ ಓಡಿದ್ಮೇಲೆ ನಟ್ಟು ಸಡಿಲ ಆಗತ್ತೆ" ಎಂದಳು. "ಬಂದ್ಮೇಲೆ ಇನ್ನೊಂದ್ಸಲ ಬಿಗಿ ಮಾಡ್ಕೊಳ್ಳೋಕೆ ಹೇಳು. ಎಷ್ಟು ಹೇಳಿದ್ರೂ ಮರೀತಾರೆ."

ನಾಲ್ಕನೆಯ ಚಕ್ರದ ಮಾತು ಬರಲಿಲ್ಲ. ಬೆರಳುಗಳು ಮಾತ್ರ ಕೊಂಚ ಹೊತ್ತು ಆಡಿದವು. ಆಮೇಲೆ ಅವೂ ನಿಂತವು.

ಭಾವ ಬಂದಾಗ ಅವಳ ಮುಖ ಒರೆಸಿ, ತಲೆ ಬಾಚಿ ಆಗಿತ್ತು. ಅವರ ಕೈ ಮೊಣಕೈವರೆಗೂ ಮಸಿ, ಬೆರಳ ಗೆಣ್ಣುಗಳಲ್ಲಿ ರಕ್ತ. ಆ ಕೈಯಲ್ಲಿ ಅವಳನ್ನು ಮುಟ್ಟಲು ಹೆದರಿ, ಹಾಸಿಗೆಯ ಪಕ್ಕ ಕೈ ಹಿಂದೆ ಕಟ್ಟಿ ನಿಂತರು. ಆಮೇಲೆ ಕೇಳಿದರು.

"ಏನಾದ್ರೂ ಹೇಳಿದ್ಲಾ?"

"ಹೇಳಿದ್ಲು. ಬಂದ್ಮೇಲೆ ನಟ್ಟು ಇನ್ನೊಂದ್ಸಲ ಬಿಗಿ ಮಾಡ್ಕೊಳ್ಳಿ ಅಂದ್ಲು."

ಭಾವ ತಲೆಯಾಡಿಸಿದರು. ಮರುಮಾತಿಲ್ಲದೆ ತಿರುಗಿ ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಕೆಳಗೆ ಅಂಗಳದಲ್ಲಿ, ಸುರಿಯುವ ಹಿಮದಲ್ಲಿ, ಅವರು ಎಡಗಡೆಯ ಮುಂದಿನ ಚಕ್ರದ ಎದುರು ಮಂಡಿಯೂರಿ ಸ್ಪ್ಯಾನರು ಹಿಡಿದಿದ್ದರು.